ಮಳೆಯಲ್ಲಿ ಮೂಡಿದ ದ್ವೀಪ

ನಿಧಿಯ ಕಥೆಗೆ ಮರುಳಾಗದ ಮಕ್ಕಳುಂಟೆ? ಮಕ್ಕಳ ಮಾತಿರಲಿ, ಕೊಪ್ಪರಿಗೆ ಹೊನ್ನು ಎಂದೊಡನೆ ಕನ್ನಡಕ ಸರಿಪಡಿಸಿಕೊಂಡು ಹತ್ತಿರ ಸರಿಯುವ ಹಿರಿಯರೂ ಕಡಿಮೆಯಿಲ್ಲ. ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ ಹುಟ್ಟಿದ ಬಗೆಯೇ ಇದಕ್ಕೆ ಸಾಕ್ಷಿ.

1881ರ ಬೇಸಗೆ. ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಮಲೆಸೀಮೆಯ ಹಳ್ಳಿ. ಹೆಸರಿಗೆ ಬೇಸಗೆಯೇ ಹೊರತು ಹಿಡಿದ ಮಳೆ ಬಿಡದು. ಕುಟುಂಬವೆಲ್ಲ ಮನೆಯೊಳಗೆ ಸೆರೆ. ಸ್ಟೀವನ್‌ಸನ್ನನಿಗೆ ಆಗ ಮೂವತ್ತು ವರ್ಷ. ಶ್ವಾಸಕೋಶದ ಬೇನೆಯಿಂದ ಬಳಲಿದ ದೇಹ. ಲೇಖನಿಯ ಸಂಪಾದನೆ ಸಂಸಾರಕ್ಕೆ ಸಾಲದೆ ತಂದೆಯ ಆಸರೆಯಲ್ಲಿಯೇ ದಿನ ನೂಕಬೇಕಾದ ಸ್ಥಿತಿ. ತಂದೆ ಥಾಮಸ್, ಕಡಲ ದೀಪಸ್ತಂಭಗಳನ್ನು ಕಟ್ಟುವ ಮನೆತನದ ಎಂಜಿನಿಯರು. ಇದ್ದ ಒಬ್ಬನೇ ಮಗ ಕುಲಕಸುಬನ್ನು ತೊರೆದ. ಬಳಿಕ ಕಲಿತ ವಕೀಲಿಯನ್ನೂ ನಡೆಸಲಿಲ್ಲ. 1873ರಲ್ಲಿ ಧರ್ಮಶ್ರದ್ಧೆಯ ವಿಷಯವಾಗಿ ನಡೆದ ಜಗಳವಂತೂ ಇಬ್ಬರನ್ನೂ ಬಹುಕಾಲ ಸುಟ್ಟಿತ್ತು.

ಬೇಸರ ಕಳೆಯಲೆಂದು ಹದಿಮೂರರ ಮಲಮಗ ಲಾಯ್ಡ್ ಬಣ್ಣ ಹಚ್ಚುತ್ತ ಕುಳಿತಿದ್ದ. ಅವನ ಜೊತೆಗೂಡಿ ಸ್ಟೀವನ್‌ಸನ್ ಒಂದು ದ್ವೀಪದ ನಕ್ಷೆ ಬರೆದ. ನಕ್ಷೆ ಮೊದಲು, ಕಥೆ ಆಮೇಲೆ! ಆ ಕಾಗದದ ಕಾಡಿನೊಳಗಿಂದ ಕಡಲುಗಳ್ಳರು ಇಣುಕತೊಡಗಿದರು. ದಿನಕ್ಕೊಂದು ಅಧ್ಯಾಯ, ಬರೆದುದನ್ನು ಅಂದೇ ಮನೆಮಂದಿಗೆ ಓದಿ ಹೇಳುವುದು. ಕೇಳುಗರಲ್ಲಿ ಹುಡುಗನಿಗೆ ಸರಿಸಾಟಿಯಾಗಿ ಮೈಮರೆತವನು ಅರುವತ್ತು ದಾಟಿದ ಆ ತಂದೆ. ಸತ್ತ ನಾವಿಕ ಬಿಲ್ಲಿ ಬೋನ್ಸನ ಪೆಟ್ಟಿಗೆಯಲ್ಲಿ ಏನೇನಿರಬೇಕೆಂದು ಆತ ದಿನದ ಬಹುಪಾಲು ಕಳೆದು ಪಟ್ಟಿ ಮಾಡಿಕೊಟ್ಟ; ಮಗ ಅದನ್ನು ಹಾಗೆಯೇ ಕಥೆಗಿಳಿಸಿದ. ಫ್ಲಿಂಟನ ಹಡಗಿಗೆ ‘ವಾಲ್‌ರಸ್’ ಎಂಬ ಹೆಸರೂ ತಂದೆಯದೇ.

ಹದಿನೈದು ಅಧ್ಯಾಯಗಳಾದ ಮೇಲೆ ಲೇಖನಿ ನಿಂತುಬಿಟ್ಟಿತು. ಇತ್ತ ‘ಯಂಗ್ ಫೋಕ್ಸ್’ ವಾರಪತ್ರಿಕೆಯಲ್ಲಿ ಕಥೆಯ ಅಚ್ಚು ಸಾಗಿತ್ತು! (ಧಾರಾವಾಹಿ ಬರೆಯುವವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.) ಸ್ವಿಟ್ಜರ್‌ಲೆಂಡಿನ ದಾವೋಸ್ ಸೇರಿದ ಮೇಲೆ ಉಳಿದುದು ಹರಿದು ಬಂತು. ಗುಪ್ತನಾಮದಲ್ಲಿ 1882ರ ಜನವರಿಯವರೆಗೆ ಪ್ರಕಟವಾದ ಕಥೆಯನ್ನು ಓದುಗರು ಅಷ್ಟಾಗಿ ಗಮನಿಸಲಿಲ್ಲ. ಪುಸ್ತಕವಾದದ್ದು 1883ರಲ್ಲಿ. ಅದಕ್ಕೆ 100 ಪೌಂಡು ದೊರೆಯುವುದೆಂದು ತಿಳಿದಾಗ ಆತ ತಂದೆತಾಯಿಗೆ ಬರೆದ ಪತ್ರದಲ್ಲಿ ಹುಡುಗನ ಹಿಗ್ಗಿದೆ.

ಅಚ್ಚಿಗೆಂದು ಕಳುಹಿಸಿದ ಮೂಲ ನಕ್ಷೆ ಮಾತ್ರ ನಡುವೆ ಕಳೆದುಹೋಯಿತು. ಕಥೆಯನ್ನೆಲ್ಲ ತಿರುವಿಹಾಕಿ, ದಿಕ್ಕುದೆಸೆಗಳನ್ನು ಕಲೆಹಾಕಿ, ತಂದೆಯ ಕಚೇರಿಯಲ್ಲಿ ಹೊಸದೊಂದನ್ನು ರಚಿಸಬೇಕಾಯಿತು. ಸ್ಟೀವನ್‌ಸನ್ನನಿಗೆ ಅದೆಂದೂ ತನ್ನ ದ್ವೀಪವೆನಿಸಲಿಲ್ಲ. ಆದರೆ ದೀಪಸ್ತಂಭಗಳ ಆ ಗಂಭೀರ ವೃದ್ಧ, ಬರವಣಿಗೆಯ ಧಾಟಿ ಬದಲಿಸಿಕೊಂಡು, ಕಡಲುಗಳ್ಳ ಫ್ಲಿಂಟನ ಸಹಿಯನ್ನು ನಕ್ಷೆಯ ಮೇಲೆ ತನ್ನ ಕೈಯಾರೆ ಹಾಕಿದ.