ಅಲೆಕ್ಸಾಂಡ್ರಿಯಾದ ನಾಣ್ಯಗಳ ವರ್ಷಗಣನೆ

ರೋಮನ್ ಆಳ್ವಿಕೆಯ ಈಜಿಪ್ಟಿನ ನಾಣ್ಯಗಳನ್ನು ಪಟ್ಟಿಮಾಡುವಾಗ ನಾನು ಮೊದಲು ಹುಡುಕುವುದು ಚಕ್ರವರ್ತಿಯ ಮುಖವನ್ನಲ್ಲ. ಲ್ಯಾಟಿನ್ನಿನ ‘ಎಲ್’ ಅಕ್ಷರವನ್ನು ಹೋಲುವ ವರ್ಷಸೂಚಕ ಚಿಹ್ನೆಯನ್ನು. ಅದರ ಪಕ್ಕದ ಗ್ರೀಕ್ ಅಕ್ಷರವೇ ಆಳ್ವಿಕೆಯ ವರ್ಷದ ಸಂಖ್ಯೆ. ಒಂಬತ್ತನೆಯ ವರ್ಷವನ್ನು ಮಾತ್ರ ಹಲವೊಮ್ಮೆ ಪದರೂಪದಲ್ಲಿ ಬರೆದಿದ್ದಾರೆ. ಥೀಟಾ ಅಕ್ಷರವು ಮರಣವನ್ನು ನೆನಪಿಸುತ್ತಿತ್ತೆಂಬುದು ವಿದ್ವಾಂಸರ ಊಹೆ.

ಈ ಗಣನೆ ಈಜಿಪ್ಟಿನ ಪಂಚಾಂಗವನ್ನು ಅನುಸರಿಸುತ್ತದೆ. ಕ್ರಿ.ಶ. 117ರ ಆಗಸ್ಟ್ 11ರಂದು ಪಟ್ಟಕ್ಕೆ ಬಂದ ಹೇಡ್ರಿಯನನ ಎರಡನೆಯ ವರ್ಷ ಅದೇ ಆಗಸ್ಟ್ 29ಕ್ಕೆ ಆರಂಭವಾಯಿತು. ಮೊದಲ ‘ವರ್ಷ’ಕ್ಕೆ ದಕ್ಕಿದ್ದು 18 ದಿನ ಮಾತ್ರ! ನಿಧಿಯ ಕಾಲವನ್ನು ಅದರ ಕಡೆಯ ನಾಣ್ಯದಿಂದ ನಿರ್ಣಯಿಸುವುದರಿಂದ, ಸವೆದ ಒಂದಕ್ಷರವನ್ನು ಊಹಿಸಿ ತುಂಬಿದರೆ ಇಡೀ ನಿಧಿಯ ಕಾಲವೇ ಪಲ್ಲಟವಾದೀತು. ದತ್ತಾರಿಯ 1901ರ ಸೂಚಿಯೊಡನೆ ಹೋಲಿಸಿದ ಮೇಲೂ ಓದಲಾಗದ ವರ್ಷದ ಅಂಕಣವನ್ನು ನಾನು ಖಾಲಿ ಬಿಡುತ್ತೇನೆ.