ಹಳೆಯ ಟ್ರಕ್ಕಿನ ಉಬ್ಬಸ

ಅಮೆರಿಕದ ರೈತರೂ ಬಡಗಿಗಳೂ 20-25 ವರ್ಷ ಬಿಡದೆ ದುಡಿಸುವ ಪೆಟ್ರೋಲ್ ಟ್ರಕ್ಕು ಒಂದು ದಿನ ಏರುದಾರಿಯಲ್ಲಿ ತೇಕತೊಡಗುತ್ತದೆ. ಒಡೆಯನು ಮೊದಲು ಶಂಕಿಸುವುದು ಎಂಜಿನ್ನನ್ನು. ತರುವಾಯ ಪೆಟ್ರೋಲು ಮಾರಿದವನನ್ನು. ಬಂಡಿಯ ಹೊಟ್ಟೆಯಡಿಯಲ್ಲಿ, ಹೊಗೆಕೊಳವೆಯ ನಡುವೆ ತೂಗುವ ಉಕ್ಕಿನ ಡಬ್ಬಿಯ ನೆನಪು ಬಹುಮಟ್ಟಿಗೆ ಕಡೆಗೇ ಬರುವುದು.

1975ನೆಯ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಆ ದೇಶದಲ್ಲಿ ರೂಢಿಗೆ ಬಂದ ಈ ಡಬ್ಬಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಹೆಸರು. ಅದರೊಳಗೆ ಜೇನುಹುಟ್ಟಿನಂತೆ ಕಂಡಿಕಂಡಿಯಾದ ಪಿಂಗಾಣಿಯ ಇಟ್ಟಿಗೆ. ಕಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ಲೇಪ. ರಾತ್ರಿಯ ಕಳ್ಳರು ಗರಗಸ ಹಿಡಿದು ಬರುವುದು ಇವುಗಳಿಗಾಗಿಯೇ! ತಾವು ವ್ಯಯವಾಗದೆ ಅನ್ಯರ ಕಾರ್ಯವನ್ನು ನಡೆಸಿಕೊಡುವ ಈ ಲೋಹಗಳ ಸನ್ನಿಧಿಯಲ್ಲಿ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡೂ ಅರೆಬೆಂದ ಪೆಟ್ರೋಲಿನ ಆವಿಯೂ ಇಂಗಾಲಾಮ್ಲವಾಗಿ, ನೀರಾವಿಯಾಗಿ ಮಾರ್ಪಡುತ್ತವೆ. ಫ್ರಾನ್ಸಿನಿಂದ ಬಂದು ಅಮೆರಿಕದಲ್ಲಿ ನೆಲೆಸಿದ ಯೂಜೀನ್ ಹೂಡ್ರಿ 1950ರ ದಶಕದಲ್ಲಿಯೇ ಇಂಥ ಸಾಧನವನ್ನು ರಚಿಸಿದ್ದನು. ಆದರೆ ಆಗಿನ ಪೆಟ್ರೋಲಿನಲ್ಲಿ ಬೆರೆತಿದ್ದ ಸೀಸವು ಲೇಪವನ್ನು ಕೆಡಿಸಿಬಿಡುತ್ತಿತ್ತು.

1996ರ ಮಾದರಿಯಿಂದೀಚಿನ ಟ್ರಕ್ಕುಗಳಲ್ಲಿ ಕನ್ವರ್ಟರು ಸೋತರೆ ಚಾಲಕನ ಮುಂದೆ ದೀಪ ಹೊತ್ತಿಕೊಳ್ಳುತ್ತದೆ. ಪರೀಕ್ಷಾಯಂತ್ರದಲ್ಲಿ ಪಿ 0420 ಎಂಬ ಸಂಕೇತ ಮೂಡುತ್ತದೆ. ಹೊಸ ಡಬ್ಬಿ ಕೊಳ್ಳುವ ಆತುರ ಹುಟ್ಟುವುದು ಇಲ್ಲಿಯೇ. ಸಂಕೇತವು ಶಕ್ತಿ ಕುಂದಿದೆಯೆಂದು ಹೇಳೀತೇ ಹೊರತು ಏಕೆಂದು ಹೇಳಲಾರದು. ಡಬ್ಬಿಯ ಮುಂದೊಂದು, ಹಿಂದೊಂದು ಆಮ್ಲಜನಕದ ಸೆನ್ಸರುಗಳಿರುತ್ತವೆ. ಮುಂದಿನದು ಸುಮಾರು 0.1 ವೋಲ್ಟಿನಿಂದ 0.9ರವರೆಗೆ ಎಡೆಬಿಡದೆ ತೂಗಾಡಬೇಕು. ಹಿಂದಿನದು ಹೆಚ್ಚುಕಡಿಮೆ ನಿಶ್ಚಲವಾಗಿರಬೇಕು. ಹಿಂದಿನದೂ ಮುಂದಿನದರ ತಾಳಕ್ಕೆ ಕುಣಿದರೆ ಲೇಪ ಸೋತಿತೆಂದು ಅರ್ಥ. ಆದರೂ ಬಲ್ಲ ಮೆಕ್ಯಾನಿಕ್ಕನು ಮೊದಲು ಕೊಳವೆಯ ಕೀಲುಗಳನ್ನು ನೋಡುತ್ತಾನೆ. ಸೆನ್ಸರಿನ ಬಳಿ ಸಣ್ಣ ಬಿರುಕಿದ್ದರೂ ಹೊರಗಾಳಿ ಒಳನುಗ್ಗಿ ಸುಳ್ಳುಸಾಕ್ಷಿ ನುಡಿಸೀತು.

ತೇಕುವ ಬಂಡಿಯ ವಿಚಾರ ಬೇರೆ. ಅಲ್ಲಿ ಇಟ್ಟಿಗೆ ಕರಗಿಯೋ ಒಡೆದೋ ದಾರಿ ಕಟ್ಟಿರುತ್ತದೆ. ತಣ್ಣಗಿರುವಾಗ ರಬ್ಬರಿನ ಕೊಡತಿಯಿಂದ ತಟ್ಟಿದರೆ ಒಡೆದ ಚೂರುಗಳು ಗಲಗಲ ಎನ್ನುತ್ತವೆ. ಅದಕ್ಕಿಂತ ನಂಬತಕ್ಕ ಪರೀಕ್ಷೆಯೆಂದರೆ ಮುಂದಿನ ಸೆನ್ಸರನ್ನು ಬಿಚ್ಚಿ ಆ ರಂಧ್ರಕ್ಕೆ ಒತ್ತಡಮಾಪಕವನ್ನು ಜೋಡಿಸುವುದು. ಎಂಜಿನ್ನು ನಿಮಿಷಕ್ಕೆ 2500 ಸುತ್ತು ತಿರುಗುವಾಗ ಒತ್ತಡವು ಚದರಂಗುಲಕ್ಕೆ 3 ಪೌಂಡನ್ನು ದಾಟಿದರೆ ಉಸಿರು ಕಟ್ಟಿದೆಯೆಂದೇ ಸಾಮಾನ್ಯವಾಗಿ ಎಣಿಸುತ್ತಾರೆ.

ಇಟ್ಟಿಗೆ ತಾನಾಗಿ ಕರಗುವುದು ಅಪರೂಪ. ಕಿಡಿ ತಪ್ಪಿದ ಸಿಲಿಂಡರಿನಿಂದ ಬಂದ ಹಸಿ ಪೆಟ್ರೋಲು ಡಬ್ಬಿಯೊಳಗೆ ಉರಿದು ಅದನ್ನು ಕರಗಿಸುತ್ತದೆ. ಎಂಜಿನ್ನು ಕುಡಿಯುವ ಎಣ್ಣೆಯೂ ಒಳಗೆ ಸೋರುವ ಕೂಲೆಂಟೂ ಲೇಪವನ್ನು ಮುಚ್ಚುತ್ತವೆ. ಕೆಟ್ಟ ಸ್ಪಾರ್ಕ್ ಪ್ಲಗ್ಗನ್ನು ಹಾಗೆಯೇ ಬಿಟ್ಟು, ನೂರಾರು ಡಾಲರು ತೆತ್ತು ಹೊಸ ಕನ್ವರ್ಟರು ಹಾಕಿಸಿದವನು ಅದನ್ನೂ ಅದೇ ಬೆಂಕಿಗೆ ಒಪ್ಪಿಸಿದಂತಾಯಿತು.

ಲೇಪ ಮಾತ್ರ ಸೋತ ಬಂಡಿಯ ಓಟದಲ್ಲಿ ಕುಂದು ಕಾಣುವುದಿಲ್ಲ. ಆದುದರಿಂದಲೇ ಡಬ್ಬಿಯನ್ನು ಕತ್ತರಿಸಿ ಬರಿಯ ಕೊಳವೆ ಬೆಸೆಯಿಸುವ ಚಪಲ ಕೆಲವರಿಗೆ. ಅಮೆರಿಕದ ಕಾನೂನು ಇದನ್ನು ನಿಷೇಧಿಸಿದೆ. ಒಡೆಯನ ಅರಿವಿಗೆ ಬಾರದ ಆ ನಷ್ಟವನ್ನು ಅವನ ಹಿಂದೆ ಬರುವವರ ಶ್ವಾಸಕೋಶಗಳು ಭರಿಸುತ್ತವೆ.

ಸಂಕೇತವನ್ನು ಅಳಿಸಿದರೆ ದೀಪವೇನೋ ಆರುತ್ತದೆ. ಆದರೆ ಹೊಗೆಯ ತಪಾಸಣೆ ಕಡ್ಡಾಯವಾಗಿರುವ ರಾಜ್ಯಗಳಲ್ಲಿ, ಬಂಡಿಯ ಕಂಪ್ಯೂಟರು ತನ್ನ ಪರೀಕ್ಷೆಗಳನ್ನು ಮತ್ತೆ ಮುಗಿಸಿದೆಯೇ ಎಂಬುದನ್ನೂ ನೋಡುತ್ತಾರೆ. ಅವು ಮುಗಿಯಬೇಕಾದರೆ ಟ್ರಕ್ಕು ಕೆಲವು ದಿನ ಊರೊಳಗೂ ಹೆದ್ದಾರಿಯಲ್ಲಿಯೂ ಓಡಲೇಬೇಕು.