ಲೋಕಲ್ ಐಡಿಗೆ ರೂಮ್ ಇಲ್ಲ

ನಮ್ಮ ಪ್ಲಾನ್ ಇದ್ದದ್ದು ಸ್ಕಾಟ್ಲೆಂಡಿಗೆ. ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು 'ವೆಸ್ಟ್ ಹೈಲ್ಯಾಂಡ್ ವೇ' ಅನ್ನೋ 154 ಕಿಲೋಮೀಟರ್ ದಾರಿ ನಡೆದು ಮುಗಿಸಬೇಕು ಅಂತ ಒಂದು ವರ್ಷ ವಾಟ್ಸ್ಯಾಪ್ ಗ್ರೂಪಿನಲ್ಲಿ ಅದೇ ಮಾತು. ಆಮೇಲೆ ನಮ್ಮಲ್ಲೊಬ್ಬನ ಕೆಲಸ ಹೋಯ್ತು. ಇನ್ನೊಬ್ಬನಿಗೆ ಮನೆ ಸಾಲದ ಕಂತು ಶುರುವಾಯ್ತು. ವೀಸಾ, ಟಿಕೆಟ್ ಲೆಕ್ಕ ಹಾಕಿಟ್ಟಿದ್ದ ಎಕ್ಸೆಲ್ ಶೀಟನ್ನು ಯಾರೂ ತೆರೆಯದೇ ಹಾಗೇ ಉಳಿಯಿತು.

ಗಣರಾಜ್ಯೋತ್ಸವಕ್ಕೆ ಮೂರು ದಿನ ರಜೆ ಒಟ್ಟಿಗೆ ಸಿಕ್ಕಾಗ ಧಾರವಾಡದ ಗೆಳೆಯ ಕೇಳಿದ, "ಸ್ಕಾಟ್ಲೆಂಡ್ ಅಂತೂ ಆಗ್ಲಿಲ್ಲ. ನಿಮ್ಮೂರಾದ್ರೂ ತೋರ್ಸೋ ಮಾರಾಯಾ."

ನಮ್ಮೂರು ಅಂದರೆ ಚನ್ನಪಟ್ಟಣ ತಾಲ್ಲೂಕು. 2007ರಲ್ಲಿ ರಾಮನಗರ ಜಿಲ್ಲೆ ಆಗಿದ್ದು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿಸಿಕೊಂಡ ಜಿಲ್ಲೆ. ಮಾಗಡಿಯಿಂದ ಶುರು ಮಾಡಿ ರಾಮನಗರ, ಚನ್ನಪಟ್ಟಣ, ಕನಕಪುರ ಅಂತ ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಸುತ್ತೋದು ಅಂತಾಯ್ತು. ಹೊರಟವರು ನಾಲ್ಕು ಜನ: ನಾನು, ಧಾರವಾಡದವನು, ಮಂಗಳೂರಿನವನು, ಮತ್ತೆ ಪ್ರಾಜೆಕ್ಟ್ ಮೇಲೆ ಆರು ತಿಂಗಳು ಎಡಿನ್‌ಬರಾದಲ್ಲಿ ಇದ್ದು ಬಂದ ಶಿವಮೊಗ್ಗದ ಗೆಳತಿ.

"ರೂಮ್ ಬುಕ್ ಮಾಡಿದ್ಯಾ?" ಅಂತ ಅವಳು ಎರಡು ಸಲ ಕೇಳಿದಳು. "ನಮ್ಮ ಜಿಲ್ಲೆ ಕಣೇ, ಎಲ್ಲಾದ್ರೂ ಸಿಗುತ್ತೆ" ಅಂದೆ. ಜೊತೆಗೆ ನನ್ನದೊಂದು ಷರತ್ತು. ನಮ್ಮ ಮನೆಗೆ ಮಾತ್ರ ಹೋಗೋದು ಬೇಡ. ಯಾಕೆ ಅಂತ ಕೇಳಿದ್ದಕ್ಕೆ ಮನೆಯಲ್ಲಿ ಪೇಂಟಿಂಗ್ ನಡೀತಿದೆ ಅಂತ ಸುಳ್ಳು ಹೇಳಿದೆ.

ಶನಿವಾರ ಸಾವನದುರ್ಗ ಹತ್ತಿದೆವು. ಕೆಳಗೆ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ಗುಡಿಗಳು. ಮೇಲೆ ಕರಿಗುಡ್ಡ, ಬಿಳಿಗುಡ್ಡ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ. ಬರೀ ಬೋಳು ಬಂಡೆ, ಹಿಡಿಯೋಕೆ ಒಂದು ಕಡ್ಡಿ ಸಿಗಲ್ಲ. ಬಿಸಿಲೇರಿದ ಮೇಲೆ ಹತ್ತಿದರೆ ಕೆಳಗಿನಿಂದಲೂ ಕಾವು, ಮೇಲಿನಿಂದಲೂ ಕಾವು. ನೀವು ಹೋಗೋದಾದರೆ ಬೆಳಗ್ಗೆ ಬೇಗ ಹತ್ತಿ, ತಲೆಗೆ ಎರಡು ಲೀಟರ್ ನೀರು ಇಟ್ಟುಕೊಳ್ಳಿ.

ಮೇಲೆ ಕೂತಿದ್ದಾಗ ಗೆಳತಿ ಫ್ರಾನ್ಸಿಸ್ ಬುಕಾನನ್ ಕಥೆ ಹೇಳಿದಳು. ಸ್ಕಾಟ್ಲೆಂಡಿನ ಕ್ಯಾಲಂಡರ್‌ನಲ್ಲಿ ಹುಟ್ಟಿ, ಎಡಿನ್‌ಬರಾದಲ್ಲಿ ವೈದ್ಯ ಓದಿದವನು. ಟಿಪ್ಪು ಸತ್ತ ಮರುವರ್ಷ, ಅಂದರೆ 1800ರಲ್ಲಿ, ಕಂಪನಿಯವರ ಕೆಲಸದ ಮೇಲೆ ಮೈಸೂರು ಸೀಮೆಯನ್ನೆಲ್ಲಾ ಸುತ್ತಿದ. ನಮ್ಮ ಚನ್ನಪಟ್ಟಣ, ಮಾಗಡಿ ಕಡೆಯೂ ಬಂದಿದ್ದ. ಯಾವ ಊರಲ್ಲಿ ಏನು ಬೆಳೀತಾರೆ, ಏನು ನೇಯ್ತಾರೆ ಅಂತ ಬರೆದಿಟ್ಟ ಅವನ ಪುಸ್ತಕ 1807ರಲ್ಲಿ ಮೂರು ಸಂಪುಟಗಳಲ್ಲಿ ಬಂತು.

"ಅವ್ನಿಗೆ ರೂಮ್ ಪ್ರಾಬ್ಲಮ್ ಇರ್ಲಿಲ್ವಾ?" ಅಂದ ಮಂಗಳೂರಿನವನು. ಕಂಪನಿಯ ಅಧಿಕಾರಿಗೆ ಎಂಥ ಪ್ರಾಬ್ಲಮ್! ನಮ್ಮ ಪ್ರಾಬ್ಲಮ್ ಸಂಜೆ ಆರು ಗಂಟೆಗೆ ಮಾಗಡಿ ಪೇಟೆಯಲ್ಲಿ ಶುರುವಾಯ್ತು.

ಮೊದಲ ಲಾಡ್ಜಿನಲ್ಲಿ ಕೌಂಟರ್‌ನವರು ನಮ್ಮನ್ನು ಎಣಿಸಿದರು. "ಮೂರು ಜನ ಹುಡುಗ್ರು, ಒಬ್ಬಳು ಹುಡುಗಿ. ಫ್ಯಾಮಿಲೀನಾ?" ಅಲ್ಲ ಅಂದೆವು. "ಹಂಗಾದ್ರೆ ಆಗಲ್ಲ ಸಾರ್." ಎರಡು ರೂಮ್ ತಗೋತೀವಿ, ಅವಳಿಗೆ ಬೇರೆ ಅಂದರೂ ಆಗಲ್ಲ. ಎರಡನೇ ಕಡೆ ಮದುವೆಯವರು ಎಲ್ಲ ರೂಮನ್ನೂ ಹಿಡಿದಿದ್ದರು. ಮೂರನೇ ಕಡೆಯೂ ಅದೇ ಮದುವೆ. ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ ಶುರು ಅನ್ನೋದು ನಮ್ಮಜ್ಜಿಗೆ ಗೊತ್ತಿತ್ತು, ನಮ್ಮ ಆ್ಯಪಿಗೆ ಗೊತ್ತಿರಲಿಲ್ಲ.

ಛತ್ರದ ಮುಂದೆ ಬ್ಯಾಗ್ ಇಳಿಸಿ ನಿಂತಿದ್ದಾಗ ಬಿಳಿ ಪಂಚೆ ಉಟ್ಟ ಯಜಮಾನರೊಬ್ಬರು ಬಂದು ಕೇಳಿದರು, "ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?" ಎರಡೂ ಅಲ್ಲ, ಮಲಗೋಕೆ ಜಾಗ ಇಲ್ಲ ಅಂತ ಇದ್ದಿದ್ದು ಇದ್ದ ಹಾಗೆ ಹೇಳಿದೆ. ಅವರು ನಗಾಡಿದರು. "ಮೊದ್ಲು ಊಟಕ್ಕೆ ಕೂತ್ಕಳಿ. ಬೆಳಗ್ಗೆ ಬಡಿಸೋಕೆ ಹುಡುಗ್ರು ಕಮ್ಮಿ ಅವ್ರೆ, ಆಗ ನೋಡ್ಕಳಾನ."

ಹಾಗೆ ನಾವು ಯಾರದೋ ಆರತಕ್ಷತೆಯಲ್ಲಿ ಉಂಡು, ಯಾರದೋ ಜಮಖಾನದ ಮೇಲೆ ಹಾಲಿನಲ್ಲಿ ಮಲಗಿದೆವು. ಗೆಳತಿಯನ್ನು ಮದುಮಗಳ ಅಕ್ಕತಂಗಿಯರು ತಮ್ಮ ರೂಮಿಗೆ ಕರಕೊಂಡು ಹೋಗಿ ಕೈಗೆ ಮೆಹಂದಿ ಹಾಕಿ ಕಳಿಸಿದರು. ಭಾನುವಾರ ಬೆಳಗ್ಗೆ ಧಾರವಾಡದವನು ಕೇಸರಿಬಾತ್, ಮಂಗಳೂರಿನವನು ಇಡ್ಲಿ, ನಾನು ಚಟ್ನಿ. ಹೊರಡುವಾಗ ನಮಗೂ ತಾಂಬೂಲದ ತೆಂಗಿನಕಾಯಿ ಸಿಕ್ಕಿತು.

ಭಾನುವಾರ ರಾಮನಗರ. 1975ರ 'ಶೋಲೆ'ಯ ರಾಮಗಢ ಇದೇ ರಾಮದೇವರ ಬೆಟ್ಟದ ಬುಡ. ಬಂಡೆ ನೋಡಿದ ಕೂಡಲೇ ಎಲ್ಲರೂ ಗಬ್ಬರ್ ಆಗಿಬಿಡ್ತಾರೆ. ನಮ್ಮ ಧಾರವಾಡದವನೂ ಆಗಲು ಹೋದ. ಅಲ್ಲಿದ್ದ ಗಾರ್ಡ್ ಗದರಿದರು. 2012ರಿಂದ ಇದು ರಣಹದ್ದುಗಳ ಅಭಯಧಾಮ, ಕೂಗಾಡೋ ಹಾಗಿಲ್ಲ. ಉದ್ದ ಕೊಕ್ಕಿನ ರಣಹದ್ದು ಈ ಬಂಡೆಯ ಸಂದುಗಳಲ್ಲೇ ಗೂಡು ಕಟ್ಟೋದು. ನಾವು ಒಂದನ್ನೂ ನೋಡಲಿಲ್ಲ ಅನ್ನೋದು ಬೇರೆ ಮಾತು.

ಸಂಜೆ ಮತ್ತೆ ರೂಮ್ ಬೇಟೆ. ಊರಾಚೆ ಒಂದು ರೆಸಾರ್ಟಿಗೆ ಫೋನ್ ಮಾಡಿದರೆ ತಲೆಗೆ ನಾಲ್ಕೂವರೆ ಸಾವಿರ, ರೇನ್ ಡ್ಯಾನ್ಸ್ ಸೇರಿ. ಪೇಟೆಯ ಒಂದು ಲಾಡ್ಜಿನಲ್ಲಿ ಎರಡು ರೂಮ್ ಕೊಡಲು ಒಪ್ಪಿದರು. ಖುಷಿಯಿಂದ ಆಧಾರ್ ಕೊಟ್ಟೆ. ಆತ ವಿಳಾಸ ನೋಡಿದ, ನನ್ನ ಮುಖ ನೋಡಿದ.

"ಲೋಕಲ್ ಐಡಿಗೆ ರೂಮ್ ಕೊಡಲ್ಲ ಸಾರ್."

"ಯಾಕೆ?"

"ಮನೆ ಇಷ್ಟು ಹತ್ರ ಇಟ್ಕೊಂಡು ರೂಮ್ ಯಾಕೆ ಬೇಕು, ಹೇಳಿ?"

ಅವರ ಲೆಕ್ಕದಲ್ಲಿ ಊರಲ್ಲೇ ಮನೆ ಇದ್ದವನು ಲಾಡ್ಜಿಗೆ ಬಂದ ಅಂದರೆ ಏನೋ ಎಡವಟ್ಟು ಇದೆ ಅಂತ. ನಾನು ಜೋರು ಮಾಡಿದೆ, ರೂಲ್ ಎಲ್ಲಿದೆ ತೋರಿಸಿ ಅಂದೆ. ಆದರೆ ಆ ಪ್ರಶ್ನೆ ಮಾತ್ರ ಎದೆಗೆ ನಾಟಿತ್ತು. ಹೊರಗೆ ಬಂದ ಮೇಲೆ ಗೆಳತಿಯೂ ಅದನ್ನೇ ಕೇಳಿದಳು, "ನಿಜ ಹೇಳು, ಮನೆಗೆ ಯಾಕೆ ಬೇಡ?"

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಹೇಳಿದೆ.

ನಮ್ಮೂರು ಸಾತನೂರು ರಸ್ತೆಯ ಕಡೆ. ಶಿವರಾತ್ರಿ ಬಂತೆಂದರೆ ಮಲೆಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರು ಆ ದಾರಿಯಲ್ಲಿ ಹಾಯ್ತಾರೆ. ನಮ್ಮ ಮನೆ ಮುಂದೆ ಉದ್ದ ಜಗಲಿ. ಚಿಕ್ಕವನಿದ್ದಾಗ ಬೆಳಗ್ಗೆ ಎದ್ದರೆ ಅಲ್ಲಿ ಯಾರ್ಯಾರೋ ಮಲಗಿರ್ತಿದ್ರು. ನನ್ನ ಮೊದಲ ಬೋನಸ್ಸಿನಲ್ಲಿ ಆ ಜಗಲಿಗೆ ಕಬ್ಬಿಣದ ಗ್ರಿಲ್ ಹಾಕಿಸಿದೆ. ಸೇಫ್ಟಿ ಅಂದೆ. ಅಪ್ಪ ಬೇಡ ಅನ್ನಲಿಲ್ಲ.

ಹೋದ ಶಿವರಾತ್ರಿಗೆ ಊರಿಗೆ ಹೋಗಿದ್ದೆ. ರಾತ್ರಿ ಒಂಬತ್ತಕ್ಕೆ ಆಫೀಸ್ ಕಾಲ್ ನಡೀತಿತ್ತು. ಗ್ರಿಲ್ ತಟ್ಟಿದರು. ಏಳೆಂಟು ಜನ, ಅದರಲ್ಲಿ ಇಬ್ಬರು ಮುದುಕರು. "ಇಲ್ಲೇ ಒಸಿ ತಲೆ ಊರ್ಕತೀವಿ ಸ್ವಾಮಿ." ನಾನು ಕಿವಿಯ ಹೆಡ್‌ಫೋನ್ ಸರಿಸಿ, ಒಳಗಿಂದಲೇ, "ಜಾಗ ಇಲ್ಲ, ಮುಂದೆ ಹೋಗಿ" ಅಂದೆ. ಖಾಲಿ ಜಗಲಿ ಅವರ ಕಣ್ಣ ಮುಂದೇ ಇತ್ತು.

ಅಪ್ಪ ತೋಟದಿಂದ ಬಂದಾಗ ಅವ್ವ ಹೇಳಿಬಿಟ್ಟಳು. ಅಪ್ಪ ಉಣ್ಣಲಿಲ್ಲ. ಟಾರ್ಚ್ ತಗೊಂಡು ಗಾಡಿ ಹತ್ತಿ ಅವರನ್ನು ಹುಡುಕಿಕೊಂಡು ಹೋದರು. ಸಿಗಲಿಲ್ಲ. ಬಂದವರು ನನಗೆ ಅಂದಿದ್ದು ಒಂದೇ ಮಾತು: "ಬಾಗ್ಲು ಹಾಕೋದು ಕಲೀಲಿ ಅಂತಾ ನಿನ್ನ ಓದಿಸಿದ್ದು?" ಅವತ್ತಿಂದ ನಮ್ಮಿಬ್ಬರ ಫೋನ್ ಮಾತು 'ಊಟ ಆಯ್ತಾ, ದುಡ್ಡು ಹಾಕಿದೀನಿ' ಅಷ್ಟಕ್ಕೇ ನಿಂತಿತ್ತು.

ಯಾರೂ ಮಾತಾಡಲಿಲ್ಲ. ಕೊನೆಗೆ ಧಾರವಾಡದವನು ಎದ್ದು ಬ್ಯಾಗ್ ಹಾಕಿಕೊಂಡ. "ನಡೀ, ನಿಮ್ಮನಿಗೆ ಹೋಗೂಣು. ಲೋಕಲ್ ಐಡಿ ಅಲ್ಲಾದ್ರೂ ನಡೀತದ."

ಚನ್ನಪಟ್ಟಣದಲ್ಲಿ ಊರ ಬಸ್ಸಿಗೆ ಕಾಯುವಾಗ ಬರಿಗೈಲಿ ಹೋಗಬಾರದು ಅಂತ ಮೂವರೂ ಆಟಿಕೆ ಅಂಗಡಿಗೆ ನುಗ್ಗಿದರು. ಆಲೆ ಮರವನ್ನು ತಿರುಗಣೆಗೆ ಕೊಟ್ಟು, ತಿರುಗುವಾಗಲೇ ಬಣ್ಣದ ಅರಗು ಒತ್ತಿ ಮಾಡುವ ಆಟಿಕೆಗಳು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮೈಸೂರಿನ ಗಾಡಿಗಳೆಲ್ಲ ಊರಾಚೆಯೇ ಹೋಗ್ತವೆ, ಹಳೇ ರಸ್ತೆ ಅಂಗಡಿಗಳಿಗೆ ಮೊದಲಿನ ವ್ಯಾಪಾರ ಇಲ್ಲ. ಚನ್ನಪಟ್ಟಣದವರ ಮನೆಗೆ ಚನ್ನಪಟ್ಟಣದ ಬುಗುರಿ ತಂದ ಮೊದಲ ಅತಿಥಿಗಳು ಇವರೇ ಇರಬೇಕು.

ಅವ್ವ ಗ್ರಿಲ್ ಬೀಗ ತೆಗೆದವಳು ನಾಲ್ಕು ಮುಖ ನೋಡಿ, "ಫೋನ್ ಮಾಡ್ಬಾರ್ದಾ ಮಗ" ಅಂದಳು, ಅಷ್ಟೇ. ಹುಡುಗಿ ಯಾರು, ಯಾಕೆ ಜೊತೆಗೆ ಬಂದಳು ಅಂತ ನಾನು ಹೆದರಿದ್ದ ಪ್ರಶ್ನೆ ಬರಲೇ ಇಲ್ಲ. "ಬಾ ಕೂಸೆ, ಕೈಕಾಲು ತೊಳ್ಕ" ಅಂತ ಬಚ್ಚಲು ತೋರಿಸಿದಳು. ಅವರೆಕಾಯಿ ಕಾಲ. ಹಿತಕಿದಬೇಳೆ ಸಾರು, ಬಿಸಿ ಮುದ್ದೆ. ಮುದ್ದೆ ನುಂಗೋದು ಕಲಿಯದ ಮಂಗಳೂರಿನವನು ಅಗಿದು ಅಗಿದು ಸುಸ್ತಾದ.

ಊಟ ಆದ ಮೇಲೆ ಅಪ್ಪ ಜಗಲಿಗೆ ಬಂದು ಕೂತರು. ಗೆಳತಿ ಸ್ಕಾಟ್ಲೆಂಡಿನ ಸುದ್ದಿ ತೆಗೆದಳು. ಆಗಸ್ಟಿನಲ್ಲಿ ಎಡಿನ್‌ಬರಾದಲ್ಲಿ ಕಲಾ ಉತ್ಸವ, ಆಗ ರೂಮು ಸಿಕ್ಕರೆ ಪುಣ್ಯ. ಆದರೆ ಬೆಟ್ಟದ ಕಡೆ ಹೋದರೆ ಬೇರೆಯೇ ರೀತಿ. 2003ರ ಭೂಸುಧಾರಣೆ ಕಾಯ್ದೆಯ ಪ್ರಕಾರ ಗಲೀಜು ಮಾಡದೆ, ಯಾರಿಗೂ ತೊಂದರೆ ಕೊಡದೆ ಬಯಲಲ್ಲಿ ಟೆಂಟ್ ಹಾಕಿ ಮಲಗಬಹುದು. ಕೆಲವು ಕೆರೆ ದಡಗಳಲ್ಲಿ ಮಾತ್ರ ಪರ್ಮಿಟ್ ಬೇಕು. ಇನ್ನು 'ಬಾಥಿ' ಅಂತ ಕಲ್ಲಿನ ಪುಟ್ಟ ಮನೆಗಳು. ಹಿಂದೆ ಕುರಿ ಕಾಯೋರು ಇದ್ದು ಬಿಟ್ಟುಹೋದಂಥವು. 1965ರಲ್ಲಿ ಶುರುವಾದ ಒಂದು ಸಂಘದ ಸ್ವಯಂಸೇವಕರು ನೂರರ ಆಸುಪಾಸು ಬಾಥಿಗಳನ್ನು ನೋಡ್ಕೋತಾರೆ. ಬುಕಿಂಗ್ ಇಲ್ಲ, ಬಾಡಿಗೆ ಇಲ್ಲ. ಮೊದಲು ಬಂದವರು ಆಮೇಲೆ ಬಂದವರಿಗೆ ಜಾಗ ಬಿಡಬೇಕು.

"ಬೀಗ?" ಅಂದರು ಅಪ್ಪ.

"ಇರಲ್ಲ ಅಂಕಲ್."

ಅಪ್ಪ ನನ್ನ ಕಡೆ ನೋಡಿದರು. ಅದು ಬಯ್ಯೋ ನೋಟ ಆಗಿರಲಿಲ್ಲ. ಆಮೇಲೆ ಅವರೇ ಶುರು ಮಾಡಿದರು. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕೊಂಡು ಎತ್ತಿನಗಾಡಿ ಹೊಡೀತಿದ್ದೋರು ಇದೇ ಜಗಲೀಲಿ ತಂಗಿದ್ದು, ಮಳೆ ಹಿಡಿದು ಕದಲೋಕೆ ಆಗದೇ ಮೂರು ದಿನ ಉಳಿದಿದ್ದು. ಒಂದು ವರ್ಷದಲ್ಲಿ ಅಪ್ಪ ನನ್ನೆದುರು ಅಷ್ಟು ಮಾತಾಡಿದ್ದು ಅದೇ ಮೊದಲು. "ಅವತ್ತು ತಪ್ಪಾಯ್ತಪ್ಪ" ಅಂದೆ. "ಹೂಂ, ಮಲೀಕ" ಅಂದರು.

ಸೋಮವಾರ ಕನಕಪುರ ದಾಟಿ ಸಂಗಮಕ್ಕೆ ಹೋದೆವು. ನಂದಿಬೆಟ್ಟದಲ್ಲಿ ಹುಟ್ಟಿ ರಾಮನಗರ, ಕನಕಪುರ ಹಾದು ಬಂದ ಅರ್ಕಾವತಿ ಕಾವೇರಿಗೆ ಸೇರುವ ಜಾಗ. ಹೊಳೆ ದಾಟಿದರೆ ಮೇಕೆದಾಟಿನ ದಾರಿ. ಮಹದೇಶ್ವರ ಬೆಟ್ಟಕ್ಕೆ ನಡೆಯುವವರು ಇಲ್ಲೇ ಕಾವೇರಿ ದಾಟಿ ಕಾಡು ಹೊಗೋದು. ಮೊಣಕಾಲು ನೀರಲ್ಲಿ ನಿಂತು ಆಚೆ ದಡ ನೋಡಿದೆ. ಅವತ್ತು ರಾತ್ರಿ ನಾನು ಮುಂದೆ ಹೋಗಿ ಅಂದ ಆ ಇಬ್ಬರು ಮುದುಕರು ಇಲ್ಲಿವರೆಗೂ ಬಂದಿರ್ತಾರೆ. ಎಲ್ಲಿ ಮಲಗಿದ್ರೋ.

ನೀವೂ ಈ ಕಡೆ ಬರುವುದಾದರೆ ಕೆಲಸಕ್ಕೆ ಬರುವ ಮಾತು ಹೇಳ್ತೀನಿ. ಪಂಚಾಂಗದಲ್ಲಿ ಮುಹೂರ್ತ ನೋಡಿಕೊಂಡು ಹೊರಡಿ. ಹುಡುಗ ಹುಡುಗಿಯರ ಗುಂಪಾದರೆ ಮೊದಲೇ ಫೋನ್ ಮಾಡಿ, ಲೋಕಲ್ ಐಡಿ ನಡೆಯುತ್ತಾ ಅಂತಲೂ ಕೇಳಿ. ಎಲ್ಲರೂ ಒರಿಜಿನಲ್ ಕಾರ್ಡ್ ಇಟ್ಟುಕೊಳ್ಳಿ. ಬೆಟ್ಟದ ಮೇಲೆ ಟೆಂಟ್ ಹಾಕುವ ಆಸೆ ಬೇಡ, ಅದು ಅರಣ್ಯ ಇಲಾಖೆಯ ಜಾಗ.

ಮೊನ್ನೆ ಶಿವರಾತ್ರಿಗೆ ಮೂರು ದಿನ ಮೊದಲೇ ಊರಿಗೆ ಹೋದೆ. ಗ್ರಿಲ್ ತೆಗೆಸಿಲ್ಲ, ಅವ್ವನಿಗೆ ಈಗ ಅದು ಅಭ್ಯಾಸ ಆಗಿದೆ. ಬೀಗ ಮಾತ್ರ ತೆಗೆದಿಟ್ಟೆ. ರಾತ್ರಿ ಹನ್ನೊಂದು ಜನ ಬಂದರು. ಅಪ್ಪ ಜಮಖಾನ ಹಾಸಿದರು, ನಾನು ಕೊಡದಲ್ಲಿ ನೀರು ತಂದಿಟ್ಟೆ. "ಕಾಲಿಗೆ ಹಚ್ಕಳಾಕೆ ಒಸಿ ಹರಳೆಣ್ಣೆ ಐತಾ ಮಗ?" ಅಂತ ಒಬ್ಬ ಅಜ್ಜ ಕೇಳಿದರು. ಕೊಟ್ಟೆ. ನನಗೆ ಆವತ್ತೂ ಒಂಬತ್ತಕ್ಕೆ ಕಾಲ್ ಇತ್ತು. ಅವರ ಗೊರಕೆ ಕೇಳದಿರಲಿ ಅಂತ ಮ್ಯೂಟ್ ಹಾಕಿಕೊಂಡು ಕೂತಿದ್ದೆ. ಬೆಳಗ್ಗೆ ನಾನು ಏಳೋ ಹೊತ್ತಿಗೆ ಜಗಲಿ ಖಾಲಿ. ಜಮಖಾನ ಮಡಿಸಿ ಗೋಡೆಗೆ ಒತ್ತರಿಸಿಟ್ಟಿದ್ದರು.